ಇಪ್ಪತ್ತೆರಡನೇ ಪುಟದ ಟೋಪಿ

ಕಳೆದ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಕೊಕ್ಕೆಯಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅರವತ್ತಮೂರು ವರ್ಷ. ಹೃದಯದ ಕಾಯಿಲೆ.

ಅವಳ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಆದರೆ ಮಾರನೆಯ ದಿನ ಅವಳ ತಮ್ಮನ ಮನೆಯಲ್ಲಿ, ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ಗಂಟೆ ಕೂತು, ಬಂದವರು ಆಡಿದ ಮಾತನ್ನೆಲ್ಲ ಕೇಳಿಸಿಕೊಂಡೆ. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ. ಸರಿ, ಆಡಲಿ. ಆದರೆ ಸುಳ್ಳನ್ನೇ ಒಳ್ಳೆಯ ಮಾತೆಂದು ತಿಳಿದವರು ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಹೇಳುತ್ತಿದ್ದಳು: "ಪಾಪ, ಅತ್ತಿಗೆ ಏನೋ ದಾರ ಹಿಡ್ಕೊಂಡು ಹೊತ್ತು ಕಳೀತಿದ್ರು." ಹೊತ್ತು ಕಳೆಯುವುದಂತೆ! ಈಕೆಯ ಮೂರು ಮಕ್ಕಳು ಹುಟ್ಟಿದಾಗಿನಿಂದ ಹೈಸ್ಕೂಲು ಮುಗಿಸುವವರೆಗೆ ತಲೆಗೆ ಹಾಕಿಕೊಂಡದ್ದು, ಕುತ್ತಿಗೆಗೆ ಸುತ್ತಿಕೊಂಡದ್ದು, ಶಾಲೆಯಲ್ಲಿ ಕಳೆದುಕೊಂಡು ಬಂದದ್ದು ಎಲ್ಲವೂ ಆ ದಾರವೇ. ಗೋಡೆಯ ಮೇಲಿನ ಮೂರು ಫೋಟೋಗಳಲ್ಲೂ ಮಕ್ಕಳ ತಲೆಯ ಮೇಲೆ ಅತ್ತೆಯ ಟೋಪಿ ಇತ್ತು. ಆಕೆ ಅದೇ ಗೋಡೆಗೆ ಬೆನ್ನು ಮಾಡಿ ನಿಂತಿದ್ದಳು.

ಆಮೇಲೆ, ಉಣ್ಣೆ, ಉಡುಪು ಮಾರುವ ಬೊಟಿಕ್ಕಿನ ಮೇಡಂ ಬಂದರು. ದೊಡ್ಡ ಕಪ್ಪು ಕನ್ನಡಕ, ಕೈಯಲ್ಲಿ ಹೂವಿನ ಗುಚ್ಛ, ಹಿಂದೆ ಮೊಬೈಲ್ ಹಿಡಿದ ಒಬ್ಬಳು. "ಅಕ್ಕನಿಗೆ ಅದು ಕೆಲಸ ಆಗಿರಲಿಲ್ಲ, ಧ್ಯಾನ ಆಗಿತ್ತು" ಎಂದರು. ಸುತ್ತಲಿದ್ದವರು ತಲೆಯಾಡಿಸಿದರು. ಇದೇ ಮಾತನ್ನು ಮೇಡಂ ಒಂದು ಸಲ ಕೊಕ್ಕೆಯಕ್ಕನ ಎದುರಿಗೇ ಆಡಿದ್ದರು. ಆಗ ಸಿಕ್ಕ ಉತ್ತರ: "ಧ್ಯಾನ ಮಾಡ್ತಾ ಕೂತ್ರೆ ಎಣಿಕೆ ತಪ್ಪುತ್ತೆ ಮೇಡಂ." ಬುಧವಾರ ಆ ಉತ್ತರ ಕೊಡುವವರು ಯಾರೂ ಇರಲಿಲ್ಲ. ನಾನಿದ್ದೆ. ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ತಾರು ವರ್ಷ ಅವಳು ಒಂದು ಲಾಂಡ್ರಿಯ ಕೌಂಟರಿನಲ್ಲಿದ್ದಳು. ಬಂದ ಬಟ್ಟೆಗೆ ನಂಬರಿನ ಚೀಟಿ ಪಿನ್ ಮಾಡುವುದು, ಕಲೆ ಎಲ್ಲಿದೆ, ಗುಂಡಿ ಎಷ್ಟಿವೆ ಎಂದು ಬರೆದುಕೊಳ್ಳುವುದು, ಹೋಗುವಾಗ ಚೀಟಿ ಬಿಚ್ಚಿ ಮಡಚಿ ಕೊಡುವುದು. ಒಳಗಿನಿಂದ ಬರುವ ಹಬೆಗೆ ಅವಳ ಮುಂಗೂದಲು ಸದಾ ಹಣೆಗೆ ಅಂಟಿರುತ್ತಿತ್ತು. ತುರುಬಿನಲ್ಲಿ ಉಣ್ಣೆ ಹೆಣೆಯುವ ಒಂದು ಕ್ರೋಶಾ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದಳು. ಅದರ ತುದಿಯ ಕೊಕ್ಕೆ ಹೊರಗೆ ಇಣುಕುತ್ತಿತ್ತು. ಯಾರೇನು ಹೇಳಿದರೂ ಅದಕ್ಕೊಂದು ಕೊಕ್ಕೆ ಹಾಕದೆ ಬಿಡುತ್ತಿರಲಿಲ್ಲ. ಹೀಗಾಗಿ ಹೆಸರಿಟ್ಟವರು ಹೆಚ್ಚು ತಲೆ ಕೆಡಿಸಿಕೊಂಡಿರಲಾರರು.

ಹೆಣಿಗೆಯನ್ನು ಅವಳು ಕಲಿತದ್ದು ಹೆದರಿಕೆಯಿಂದ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಇಸ್ತ್ರಿಯವನು ಗಿರಾಕಿಯೊಬ್ಬನ ಉಣ್ಣೆ ಟೋಪಿಯ ಒಂದು ಬದಿ ಸುಟ್ಟುಬಿಟ್ಟ. ಮಾಲೀಕ ಅದನ್ನು ತಂದು ಕೌಂಟರಿನ ಮೇಲೆ ಎಸೆದು, "ಶನಿವಾರ ಬರ್ತಾನೆ, ನೀನೇ ಏನಾದ್ರೂ ಮಾಡ್ಕೋ" ಎಂದ. ಸುಟ್ಟವನು ಒಬ್ಬ, ಸರಿಮಾಡಬೇಕಾದವಳು ಇನ್ನೊಬ್ಬಳು. ಇದು ಯಾವ ಲೋಕದ ನ್ಯಾಯ ಎಂದು ಕೇಳುವ ಹಾಗಿರಲಿಲ್ಲ. ಅವಳು ಒಂದು ಕಡ್ಡಿ ತಂದು, ಉಳಿದಿದ್ದ ಅರ್ಧ ಟೋಪಿಯನ್ನು ನೋಡುತ್ತ ನೋಡುತ್ತ ಸುಟ್ಟ ಅರ್ಧವನ್ನು ನಾಲ್ಕು ದಿನದಲ್ಲಿ ಹೆಣೆದಳು. ಗಿರಾಕಿ ಬಂದ, ಹಾಕಿಕೊಂಡ, ಹೋದ. ಅವನಿಗೆ ಏನೂ ಗೊತ್ತಾಗಲಿಲ್ಲ.

"ಮೂರು ಕುಣಿಕೆ ಕಮ್ಮಿ ಇತ್ತು ಕಣೇ" ಎಂದು ಅವಳು ನನಗೆ ಇಪ್ಪತ್ತು ವರ್ಷ ಕಳೆದ ಮೇಲೂ ಹೇಳುತ್ತಿದ್ದಳು. "ಆ ಮನುಷ್ಯ ಎಲ್ಲಿದಾನೋ. ಸಿಕ್ಕಿದ್ರೆ ಕಿತ್ಕೊಂಡು ಸರಿ ಮಾಡಿ ಕೊಡ್ತೀನಿ."

ಕುಣಿಕೆ ಎಂದರೆ ಕಡ್ಡಿಯ ಕೊಕ್ಕೆಯಿಂದ ದಾರವನ್ನು ಎಳೆದಾಗ ಆಗುವ ಒಂದು ಉಂಗುರ. ಟೋಪಿ ಅಂಥ ಕುಣಿಕೆಗಳ ಲೆಕ್ಕವೇ ಹೊರತು ಬೇರೇನಲ್ಲ. ನೆತ್ತಿಯಿಂದ ಶುರು: ಮೊದಲ ಸುತ್ತಿಗೆ ಎಂಟು, ಎರಡನೆಯದಕ್ಕೆ ಹದಿನಾರು, ಮೂರನೆಯದಕ್ಕೆ ಇಪ್ಪತ್ತನಾಲ್ಕು. ಹೀಗೆ ಸುತ್ತಿಗೆ ಎಂಟೆಂಟು ಏರಿಸುತ್ತ ಹೋಗಿ, ಹತ್ತನೇ ಸುತ್ತಿಗೆ ಎಂಬತ್ತಾದಾಗ ಏರಿಸುವುದನ್ನು ನಿಲ್ಲಿಸಬೇಕು. ಅಲ್ಲಿಂದಾಚೆ ಒಂದು ಕುಣಿಕೆಗೆ ಒಂದೇ. ಆಗ ಅಂಚು ತಾನಾಗಿ ಕೆಳಗೆ ಬಾಗಿ ತಲೆಯ ಆಕಾರಕ್ಕೆ ಬರುತ್ತದೆ. ನಿಲ್ಲಿಸದಿದ್ದರೆ ಬಾಗುವುದಿಲ್ಲ, ತಟ್ಟೆಯಂತೆ ಹರಡಿಕೊಳ್ಳುತ್ತಲೇ ಹೋಗುತ್ತದೆ. ಇಷ್ಟನ್ನು ತಿಳಿದುಕೊಂಡರೆ ಮುಂದಿನದೆಲ್ಲ ತಿಳಿಯುತ್ತದೆ.

ಲಾಂಡ್ರಿಯ ಮೇಲಿನ ಕೋಣೆಯಲ್ಲಿ, ಹಗ್ಗಕ್ಕೆ ತೂಗುಹಾಕಿದ ಯಾರದೋ ಮನೆಯ ಪರದೆಗಳ ಮಧ್ಯೆ, ಅವಳು ಪ್ರತಿ ಭಾನುವಾರ ಕಲಿಸುತ್ತಿದ್ದಳು. ಏಳೆಂಟು ಹೆಂಗಸರು, ನಿವೃತ್ತನಾದ ಒಬ್ಬ ಬಸ್ ಕಂಡಕ್ಟರು. ಬಂದವರೆಲ್ಲ ಮೊದಲ ದಿನ ಹೇಳುವ ಮಾತು ಒಂದೇ: "ನನ್ನ ಕೈಯೇ ಸರಿ ಇಲ್ಲ, ಅಕ್ಕ." ಈ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಯಾಕೆ, ಕೈಗೇನಾಗಿದೆ? ಊಟ ಮಾಡುವಾಗ ಬಾಯಿ ಎಲ್ಲಿದೆ ಅಂತ ಹುಡುಕುತ್ತಾ?"

"ಹಾಗಲ್ಲ ಅಕ್ಕ, ಚಿಕ್ಕವಳಿದ್ದಾಗಿಂದ್ಲೂ ನಂಗೆ ಇಂಥದ್ದೆಲ್ಲ ಬರಲ್ಲ."

"ಯಾರು ಹೇಳಿದ್ದು?"

ಅಮ್ಮ, ಟೀಚರು, ಗಂಡ. ಯಾರೋ ಒಬ್ಬರು ಹೇಳಿರುತ್ತಿದ್ದರು. "ಅವರನ್ನೂ ಕರ್ಕೊಂಡು ಬಾ ಮುಂದಿನ ವಾರ. ಅವರು ಏನು ಹೆಣೀತಾರೋ ನೋಡೋಣ" ಎನ್ನುತ್ತಿದ್ದಳು. ಒಬ್ಬಳು ನಿಜವಾಗಿಯೂ ಗಂಡನನ್ನು ಕರೆದುಕೊಂಡು ಬಂದಳು. ಆತನ ಮೊದಲ ಮಫ್ಲರು ಬೂಟಿನ ಲೇಸಿನಷ್ಟು ಅಗಲ ಬಂತು. ಆಮೇಲೆ ಆ ಮನೆಯಲ್ಲಿ ಕೈಯ ಮಾತು ಯಾರೂ ಎತ್ತಲಿಲ್ಲವಂತೆ.

ಬೊಟಿಕ್ ಮೇಡಂ ಆ ಕೋಣೆಗೆ ಬಂದದ್ದು ಎರಡೇ ಭಾನುವಾರ. ಎರಡು ದಿನವೂ ಅವರ ಉಂಗುರಕ್ಕೆ ದಾರ ಸಿಕ್ಕಿಕೊಂಡಿತು. ಉಂಗುರ ತೆಗೆಯಿರಿ ಎಂದರೆ ತೆಗೆಯಲಿಲ್ಲ. ಮೂರನೇ ವಾರ ಬರಲಿಲ್ಲ. ಬದಲಿಗೆ ಒಂದು ಯೋಜನೆ ಕಳಿಸಿದರು. ಒಂದು ಚಂದದ ರಟ್ಟಿನ ಪೆಟ್ಟಿಗೆ, ಅದರಲ್ಲಿ ಒಂದು ಕಡ್ಡಿ, ಎರಡು ಉಂಡೆ ಉಣ್ಣೆ, ಒಂದು ಪುಸ್ತಕ. ಪುಸ್ತಕದಲ್ಲಿ ಹತ್ತು ಸುಲಭ ಹೆಣಿಗೆಗಳು: ಮೂರು ಬಗೆಯ ಟೋಪಿ, ಕಿವಿಪಟ್ಟಿ, ಮಫ್ಲರು, ಬೆರಳಿಲ್ಲದ ಕೈಗವಸು, ಮೊಬೈಲಿಗೆ ಚೀಲ, ಇತ್ಯಾದಿ. ಹೆಸರು 'ಒಂದು ಸಂಜೆ, ಒಂದು ಟೋಪಿ'.

"ಯಾವ ಸಂಜೆ? ಉತ್ತರ ಧ್ರುವದ್ದಾ?" ಎಂದು ಕೊಕ್ಕೆಯಕ್ಕ ಕೇಳಿದಳು. ಆದರೂ ಒಪ್ಪಿಕೊಂಡಳು. ಭಾನುವಾರ ಬರಲಾಗದವರೂ ಮನೆಯಲ್ಲೇ ಕೂತು ಕಲಿಯುತ್ತಾರಲ್ಲ ಎಂಬುದು ಅವಳ ಆಸೆ. ಲಾಂಡ್ರಿಯ ಹಳೆಯ ಬಿಲ್ಲುಗಳ ಹಿಂದೆ ಹತ್ತನ್ನೂ ಬರೆದುಕೊಟ್ಟಳು. ಅಚ್ಚಾಗಿ ಬಂದಾಗ ರಕ್ಷಾಪುಟದಲ್ಲಿ ಮೇಡಂ ಅವರ ಫೋಟೋ, ಕೆಳಗೆ ಅವರದೇ ಹೆಸರು. ಕೊಕ್ಕೆಯಕ್ಕನ ಹೆಸರು ಕೊನೆಯ ಪುಟದಲ್ಲಿ, ಉಣ್ಣೆ ಒದಗಿಸಿದ ಅಂಗಡಿಯ ಕೆಳಗೆ, 'ನೆರವು' ಎಂಬ ಪಟ್ಟಿಯಲ್ಲಿ ಇತ್ತು. ಮುನ್ನುಡಿಯ ಎರಡನೇ ಸಾಲಿನಲ್ಲೇ ಧ್ಯಾನ ಎಂಬ ಪದ ಕಂಡು ಅವಳು ಪುಸ್ತಕ ಮುಚ್ಚಿಟ್ಟಳು. ಮುಂದಕ್ಕೆ ಓದಲಿಲ್ಲ.

ಓದಬೇಕಿತ್ತು. ಏಕೆಂದರೆ ಆ ಪುಸ್ತಕ ಅಚ್ಚಾದದ್ದು ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ, ಕರಡು ತಿದ್ದಿದವಳು ನಾನು. ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದೇನೆ; ಕೊಕ್ಕೆಯಕ್ಕ ನನ್ನನ್ನು ಪ್ರೂಫಮ್ಮ ಎಂದೇ ಕರೆಯುತ್ತಿದ್ದಳು. ಇಪ್ಪತ್ತೆರಡನೇ ಪುಟದಲ್ಲಿ ಎಲ್ಲಕ್ಕಿಂತ ಸುಲಭವಾದ ಟೋಪಿ ಇತ್ತು. ಹತ್ತು ಸುತ್ತು ಏರಿಸುವುದನ್ನು ಹೇಳಿದ ಮೇಲೆ ಅವಳು ಬರೆದಿದ್ದಳು: 'ಹನ್ನೊಂದನೇ ಸುತ್ತು: ಒಂದಕ್ಕೊಂದು. ಏರಿಸಬೇಡಿ. ಹನ್ನೆರಡನೇ ಸುತ್ತು: ಒಂದಕ್ಕೊಂದು. ಏರಿಸಬೇಡಿ.' ಹೀಗೆ ಇಪ್ಪತ್ತನಾಲ್ಕನೇ ಸುತ್ತಿನವರೆಗೆ ಹದಿನಾಲ್ಕು ಸಾಲು, ಒಂದಕ್ಷರ ಬದಲಿಲ್ಲದೆ. ನನಗೆ ಪುನರುಕ್ತಿ ಎಂದರೆ ಆಗದು. ಹದಿನಾಲ್ಕೂ ಸಾಲನ್ನು ಹೊಡೆದುಹಾಕಿ, ಅಲ್ಲಿ ಒಂದೇ ವಾಕ್ಯ ಬರೆದೆ: 'ಇದೇ ರೀತಿಯಲ್ಲಿ ಇಪ್ಪತ್ತನಾಲ್ಕನೇ ಸುತ್ತಿನವರೆಗೆ ಮುಂದುವರಿಸುವುದು.' ಬರೆದು ಸಂತೋಷಪಟ್ಟೆ. ಅದರ ಮೇಲಿನ ಸಾಲಿನಲ್ಲಿದ್ದದ್ದು ಏರಿಸುವ ಸುತ್ತು. ಇದೇ ರೀತಿ ಎಂದರೆ ಯಾವ ರೀತಿ ಎಂದು ನಾನು ಯೋಚಿಸಲಿಲ್ಲ.

ಪುಸ್ತಕ ಹೊರಬಂದ ತಿಂಗಳಿಗೆ, ಶಾಲೆಯ ಟೀಚರೊಬ್ಬಳು ಭಾನುವಾರದ ಕೋಣೆಗೆ ಬಂದು ಬ್ಯಾಗಿನಿಂದ ಏನನ್ನೋ ಅರ್ಧ ತೆಗೆದು ಅರ್ಧ ಮುಚ್ಚಿಟ್ಟುಕೊಂಡಳು. "ನಗಬೇಡಿ ಅಕ್ಕ. ನಾಲ್ಕು ಸಲ ಬಿಚ್ಚಿ ಮಾಡಿದೀನಿ." ಕೊಕ್ಕೆಯಕ್ಕ ಅದನ್ನು ಕಿತ್ತುಕೊಂಡು ಮಂಡಿಯ ಮೇಲೆ ಹರಡಿದಳು. ಎರಡೂ ಮಂಡಿ ಮುಚ್ಚಿಕೊಂಡವು.

"ಇದು ಟೋಪೀನಾ? ಯಾರಿಗೆ, ನೀರಿನ ಟ್ಯಾಂಕಿಗಾ?"

ಕಂಡಕ್ಟರು ಜೋರಾಗಿ ನಕ್ಕ. ಟೀಚರ ಕಣ್ಣು ತುಂಬಿತು. "ಪುಸ್ತಕ ನೋಡ್ಕೊಂಡೇ ಮಾಡಿದ್ದು. ನನ್ನ ಕೈಯೇ ಸರಿ ಇಲ್ಲ."

ಮುಂದಿನ ವಾರ ಇನ್ನೊಬ್ಬಳು ಅಂಥದ್ದೇ ತಟ್ಟೆ ತಂದಳು. ಅದರ ಮುಂದಿನ ವಾರ ಮತ್ತೊಬ್ಬಳು. ಮೂವರದೂ ಇಪ್ಪತ್ತನೇ ಸುತ್ತಿಗೆ ಬರುವಷ್ಟರಲ್ಲಿ ಪೆಟ್ಟಿಗೆಯ ಉಣ್ಣೆ ಮುಗಿದು, ಬೊಟಿಕ್ಕಿಗೆ ಹೋಗಿ ಇನ್ನೊಂದು ಉಂಡೆ ಕೊಂಡಿದ್ದರು. ಕೊಕ್ಕೆಯಕ್ಕ ಯಾರನ್ನೂ ಬೈಯಲಿಲ್ಲ. "ಮೂರು ಜನ ಮೂರು ಥರ ತಪ್ಪು ಮಾಡ್ಬೇಕು. ಮೂರೂ ಜನ ಒಂದೇ ತಪ್ಪು ಮಾಡಿದ್ರೆ ಅದು ಅವರದ್ದಲ್ಲ" ಎಂದು ಪುಸ್ತಕ ತೆರೆದಳು.

ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಬಂದು, ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಳು.

"ಈ ಸಾಲು ಯಾರದು?"

"ನಿನ್ನದೇ ಅಲ್ವಾ" ಎಂದೆ. ಅಷ್ಟರಲ್ಲಿ ನನಗೆ ಅರ್ಥವಾಗಿತ್ತು.

"ನಾನು ಇಷ್ಟು ಒಳ್ಳೇ ಕನ್ನಡ ಬರೆಯಲ್ಲ ಕಣೇ. 'ಮುಂದುವರಿಸುವುದು'! ಇಂಥಾ ಮಾತು ನಮ್ಮ ಲಾಂಡ್ರೀಲಿ ಯಾರೂ ಆಡಲ್ಲ."

ನೀನು ಒಂದೇ ಮಾತನ್ನು ಹದಿನಾಲ್ಕು ಸಲ ಬರೆದಿದ್ದೆ, ಅದಕ್ಕೆ ನಾನು ಹೊಡೆದುಹಾಕಿದೆ ಎಂದು ಹೇಳಿದೆ.

"ಹದಿನಾಲ್ಕು ಸಲ ಬರೆದಿದ್ದು ಯಾಕೆ ಅಂದ್ಕೊಂಡೆ? ನಂಗೆ ಬರೆಯೋಕೆ ಬರಲ್ಲ ಅಂತಾನಾ? ಹೊಸಬರು ಒಂದು ಸುತ್ತು ಮುಗಿಸಿ, ಎದ್ದು ಅಡುಗೆ ಮಾಡಿ, ಮಗೂನ ಮಲಗಿಸಿ ಬಂದು ಕೂತ್ಕೊಳ್ತಾರೆ. ಆಗ ಬೆರಳಿಟ್ಟು ನೋಡೋಕೆ ಅವರದೇ ಒಂದು ಸಾಲು ಬೇಕು. ನೀನು ಪುಸ್ತಕ ಓದೋ ಹಾಗೆ ಅವರು ಓದಲ್ಲ." ಚೀಲದಿಂದ ಎರಡು ಉಂಡೆ ಮತ್ತು ಒಂದು ಕಡ್ಡಿ ತೆಗೆದಿಟ್ಟಳು. "ತಗೋ. ನಿನ್ನ ವಾಕ್ಯ ನೀನೇ ಹೆಣಿ."

ನಾನು ಹೆಣೆದೆ. ಹನ್ನೆರಡು ದಿನ ಹಿಡಿಯಿತು. ನಾನೇ ಬರೆದ ವಾಕ್ಯ, ತಪ್ಪು ಯಾವುದೆಂದು ಗೊತ್ತಿತ್ತು. ಆದರೂ ಅವಳು ಹೇಳಿದ ಹಾಗೆ ಪುಟ ಮುಂದಿಟ್ಟುಕೊಂಡು ಅದರಲ್ಲಿದ್ದಂತೆಯೇ ಮಾಡಿದೆ. ನನಗೂ ತಟ್ಟೆ ಬಂತು.

"ಸುಮ್ನೆ ಕೇಳ್ತೀನಿ" ಎಂದಳು. "ಮಧ್ಯದಲ್ಲಿ ಒಂದ್ಸಲಾನಾದ್ರೂ ನಿನ್ನ ಕೈ ಮೇಲೆ ಅನುಮಾನ ಬಂತಾ?"

ಬಂದಿತ್ತು. ಹದಿನೈದನೇ ಸುತ್ತಿನಲ್ಲಿ, ಎಲ್ಲ ಗೊತ್ತಿದ್ದೂ, ನಾನು ಬಿಗಿಯಾಗಿ ಹೆಣೆಯುತ್ತಿಲ್ಲವೇನೋ, ಅದಕ್ಕೇ ಬಾಗುತ್ತಿಲ್ಲವೇನೋ ಅನ್ನಿಸಿತ್ತು. ಅಚ್ಚಾದ ಮಾತಿಗೆ ಎದುರಾಗಿ ನಿಲ್ಲುವುದು ಎಷ್ಟು ಕಷ್ಟವೆಂದು ಅಷ್ಟು ವರ್ಷ ಅಚ್ಚಿನ ಮನೆಯಲ್ಲೇ ಕೂತ ನನಗೆ ಆವತ್ತು ತಿಳಿಯಿತು.

"ಹೂಂ. ನಿಂಗೇ ಹೀಗಾದ್ರೆ, ಪಾಪ ಅವರಿಗೆ?" ಎಂದಳು. "ಆ ಸಾಲು ವಾಪಸ್ ಹಾಕಿಸ್ಬೇಕು. ಇಲ್ದಿದ್ರೆ ಎಷ್ಟು ಜನ ಕಡ್ಡೀನ ಡಬ್ಬದಲ್ಲಿಟ್ಟು, ನಂಗಿದು ಬರಲ್ಲ ಅಂತ ಸಾಯೋವರೆಗೂ ನಂಬಿಕೊಂಡಿರ್ತಾರೋ."

ನಾವಿಬ್ಬರೂ ಬೊಟಿಕ್ಕಿಗೆ ಹೋದೆವು. ಗಾಜಿನ ಬಾಗಿಲು, ಲ್ಯಾವೆಂಡರ್ ವಾಸನೆ, ಒಂದು ಮೂಲೆಯಲ್ಲಿ ಆ ಪೆಟ್ಟಿಗೆಗಳ ಗೋಪುರ. ನಾನು ತಪ್ಪು ನನ್ನದೆಂದು ಹೇಳಿ, ಪ್ರತಿ ಪೆಟ್ಟಿಗೆಗೂ ಒಂದು ತಿದ್ದುಪಡಿ ಚೀಟಿಯನ್ನು ನಾನೇ ಅಚ್ಚು ಹಾಕಿಸಿ ಕೊಡುತ್ತೇನೆ, ಖರ್ಚು ನನ್ನದೇ ಎಂದೆ.

ಮೇಡಂ ಮುಗುಳ್ನಕ್ಕರು. "ಚೀಟಿ ಹಾಕಿದ್ರೆ ಪುಸ್ತಕದಲ್ಲಿ ತಪ್ಪಿದೆ ಅಂತ ಒಪ್ಪಿಕೊಂಡ ಹಾಗಾಗುತ್ತಲ್ಲ."

"ಒಪ್ಕೊಂಡ್ರೂ ಇದೆ, ಒಪ್ಕೊಳ್ದಿದ್ರೂ ಇದೆ" ಎಂದಳು ಕೊಕ್ಕೆಯಕ್ಕ.

"ಅಕ್ಕ, ನೀವು ತುಂಬಾ ಮನಸ್ಸಿಗೆ ಹಚ್ಕೋತೀರಿ. ಯಾರೂ ವಾಪಸ್ ತಂದಿಲ್ಲ ಗೊತ್ತಾ? ಎಲ್ಲರೂ ಇನ್ನೊಂದು ಉಂಡೆ ತಗೊಂಡು ಹೋಗ್ತಿದಾರೆ. ಅಂದ್ರೆ ಖುಷಿಯಾಗಿದಾರೆ ಅಂತ ತಾನೆ?"

"ವಾಪಸ್ ಯಾಕೆ ತರ್ತಾರೆ? ತಪ್ಪು ತಮ್ಮದು ಅಂದ್ಕೊಂಡಿದಾರೆ."

"ನೋಡಿ, ಹೆಣೆಯೋ ಪ್ರಯಾಣಾನೇ ಮುಖ್ಯ. ಟೋಪಿ ಆಯ್ತೋ ಇಲ್ವೋ ಅನ್ನೋದು ಎರಡನೇ ಮಾತು."

"ಹಾಗಾದ್ರೆ ಪೆಟ್ಟಿಗೆ ಮೇಲೆ ಟೋಪಿ ಚಿತ್ರ ಯಾಕಿದೆ? ಬಸ್ಸಿನ ಚಿತ್ರ ಹಾಕಿ" ಎಂದು ಎದ್ದು ಬಂದಳು.

ಆಮೇಲೆ ಅವಳು ಮಾಡಿದ್ದು ಕಳ್ಳತನಕ್ಕೆ ಉಲ್ಟಾ ಕೆಲಸ. ಲಾಂಡ್ರಿಯ ನಂಬರ್ ಚೀಟಿಗಳ ಹಿಂಬದಿಯಲ್ಲಿ, ತನ್ನ ದುಂಡನೆಯ ಅಕ್ಷರದಲ್ಲಿ, 'ಪುಟ 22: ಹತ್ತನೇ ಸುತ್ತು ಆದಮೇಲೆ ಏರಿಸಬೇಡಿ. ನಿಮ್ಮ ಕೈ ಸರಿ ಇದೆ' ಎಂದು ಬರೆದಳು. ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಜನ ಇರುವಾಗ ಒಳಗೆ ಹೋಗಿ, ಗಿರಾಕಿಯ ಹಾಗೆ ಒಂದೊಂದೇ ಪೆಟ್ಟಿಗೆ ತೆರೆದು ನೋಡುವ ನಾಟಕವಾಡಿ, ಆ ಪುಟಕ್ಕೆ ಚೀಟಿ ಪಿನ್ ಮಾಡಿ ಮುಚ್ಚಿಟ್ಟಳು. ನಾನು ಅಡ್ಡ ನಿಂತು ಮಫ್ಲರುಗಳ ಬೆಲೆ ವಿಚಾರಿಸುತ್ತಿದ್ದೆ. ಮೂರು ಶನಿವಾರ ನಡೆಯಿತು. ನಾಲ್ಕನೇ ಶನಿವಾರ ಮೇಡಂ ಸ್ವತಃ ಅವಳ ಕೈ ಹಿಡಿದು ನಿಲ್ಲಿಸಿದರು. ಎಲ್ಲರೆದುರು, "ಇವರನ್ನ ಒಳಗೆ ಬಿಡಬೇಡಿ" ಎಂದು ಕಾವಲಿನವನಿಗೆ ಹೇಳಿದರು. ಬುಧವಾರ ಹೂಗುಚ್ಛ ಹಿಡಿದು ಬಂದದ್ದು ಅದೇ ಕೈ.

ಚೀಟಿ ಸೇರಿದ್ದು ಸುಮಾರು ಅರವತ್ತು ಪೆಟ್ಟಿಗೆಗೆ. ಮಾರಾಟವಾದದ್ದು ಎಷ್ಟೆಂದು ನಮಗೆ ಗೊತ್ತಿಲ್ಲ.

ಮುಂದಿನ ಚಳಿಗಾಲಕ್ಕೆ ಎರಡನೇ ಮುದ್ರಣ ಬಂತು, ಬೇರೆ ಪ್ರೆಸ್ಸಿನಿಂದ. ದೂರುಗಳು ಶುರುವಾಗಿದ್ದವೆಂದು ಕಾಣುತ್ತದೆ. ಮೇಡಂ ಅದಕ್ಕೆ ಕಂಡುಕೊಂಡ ಪರಿಹಾರವನ್ನು ಮೆಚ್ಚಲೇಬೇಕು. ಇಪ್ಪತ್ತೆರಡನೇ ಪುಟದಲ್ಲಿ ನನ್ನ ವಾಕ್ಯ ಹಾಗೇ ಇತ್ತು. ಅದರ ಕೆಳಗೆ 'ಇದನ್ನು ಸ್ಟೂಲಿನ ಹೊದಿಕೆಯಾಗಿಯೂ ಬಳಸಬಹುದು' ಎಂದು ಸೇರಿಸಿದ್ದರು. ಮತ್ತು ತಮ್ಮ ಫೋಟೋ ತೆಗೆದು, ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿ ಕೊಕ್ಕೆಯಕ್ಕನ ಹೆಸರು ಹಾಕಿದ್ದರು. ಸರಿಯಿದ್ದಾಗ ಅವರದು, ಕೆಟ್ಟ ಮೇಲೆ ಇವಳದು.

ತಮ್ಮನ ಹೆಂಡತಿ ಆ ಪುಸ್ತಕ ಹಿಡಿದು ಅಕ್ಕಪಕ್ಕದ ಮನೆಗಳಿಗೆಲ್ಲ ತೋರಿಸಿ ಬಂದಳು. "ಕೊನೆಗೂ ನಿಮ್ಮ ಹೆಸರು ಬಂತಲ್ಲ ಅತ್ತಿಗೆ!"

"ಬಂತಮ್ಮ. ನನ್ನ ಹೆಸರಲ್ಲಿ ತಟ್ಟೆ ಮಾರ್ತಿದಾರೆ."

"ಅದ್ಯಾಕೆ ಎಲ್ಲದಕ್ಕೂ ಹಾಗಂತೀರಿ? ಸ್ಟೂಲಿಗೆ ಚೆನ್ನಾಗೇ ಇರುತ್ತೆ."

ಆ ಚಳಿಗಾಲದಲ್ಲೇ ಅವಳಿಗೆ ಮೆಟ್ಟಿಲು ಹತ್ತಲು ಆಗದೆ ಹೋಯಿತು. ಭಾನುವಾರದ ಕೋಣೆ ನಿಂತಿತು. ಕಾಲು ಊದಿಕೊಂಡಿತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಳು, ಮೂರನೇ ಸಲ ಹೋದಳು. ಆಗಲೂ ನನ್ನನ್ನು ನೋಡಿದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ಆ ಪುಸ್ತಕದ ಪ್ರೆಸ್ಸಿನವರಿಗೆ ಬರೆದೆಯಾ?" ಬರೆದಿದ್ದೆ. ಉತ್ತರ ಬಂದಿರಲಿಲ್ಲ. "ಅವರ ಹತ್ರಾನೂ ನಿನ್ನಂಥೋಳು ಒಬ್ಬಳಿರ್ತಾಳೆ. ನಿನ್ನ ಕಾಗದದಲ್ಲಿ ಕಾಗುಣಿತ ತಿದ್ತಾ ಕೂತಿರ್ತಾಳೆ" ಎಂದಳು.

ಮಂಗಳವಾರ ಹನ್ನೊಂದು ಗಂಟೆಗೆ ನಾನು ಹೋದಾಗ ಅವಳು ದಿಂಬಿಗೆ ಒರಗಿ ಕೂತಿದ್ದಳು. ಮೂಗಿಗೆ ಆಮ್ಲಜನಕದ ನಳಿಗೆ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ ನಿದ್ದೆ ಹೋಗಿದ್ದ. ಅವನ ಸೊಸೆ ಕಾಲ ಬಳಿ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಹೆಣೆಯುತ್ತಿದ್ದಳು. ನೀಲಿ ಉಣ್ಣೆ. ಅವಳ ಕೈಯಲ್ಲಿದ್ದದ್ದು ಆಗಲೇ ಮುದುಕನ ಊಟದ ತಟ್ಟೆಗಿಂತ ದೊಡ್ಡದಾಗಿತ್ತು.

"ಏನಮ್ಮಾ ಅದು?" ಎಂದಳು ಕೊಕ್ಕೆಯಕ್ಕ. ಪದಕ್ಕೊಂದು ಉಸಿರು ಬೇಕಾಗುತ್ತಿತ್ತು.

"ಟೋಪಿ. ನಮ್ಮ ಮಾವನಿಗೆ." ಹೆಂಗಸು ನಾಚಿಕೊಂಡಳು. "ಏನೋ ಆಗ್ತಿದೆ. ಮೂರು ಸಲ ಬಿಚ್ಚಿದೆ. ನನ್ನ ಕೈಯೇ ಸರಿ..."

"ನಿಲ್ಸು." ಕೊಕ್ಕೆಯಕ್ಕ ಕೈ ಎತ್ತಿದಳು. "ಕೈ ಸರಿ ಇದೆ. ಪುಟ ಸರಿ ಇಲ್ಲ. ತಪ್ಪು ಮಾಡಿದೋಳು ಇಲ್ಲೇ ನಿಂತಿದಾಳೆ ನೋಡು, ಫ್ಲಾಸ್ಕ್ ಹಿಡ್ಕೊಂಡು."

ಹೆಂಗಸು ನನ್ನತ್ತ ನೋಡಿದಳು. ಹೌದು ಎಂದೆ. ಆ ವಾಕ್ಯ ನನ್ನದು, ಹತ್ತನೇ ಸುತ್ತಿನ ನಂತರ ಏರಿಸಬಾರದು ಎಂದು ಹೇಳಿದೆ. ಅವಳ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. "ಅಯ್ಯೋ, ಅಷ್ಟೇನಾ?" ಎಂದಳು. ಹತ್ತನೇ ಸುತ್ತಿನವರೆಗೆ ಸರಸರನೆ ಬಿಚ್ಚಿದಳು. ಒಂದಕ್ಕೊಂದರಂತೆ ಹನ್ನೊಂದನೇ ಸುತ್ತು ಹೆಣೆದಳು, ಹನ್ನೆರಡನೆಯದು ಹೆಣೆದಳು. ಮುಕ್ಕಾಲು ಗಂಟೆ ಹಿಡಿಯಿತು. ಕೊಕ್ಕೆಯಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ. ಅಂಚು ಬಾಗತೊಡಗಿದಾಗ ಹೆಂಗಸು ಎದ್ದು ಬಂದು ಅದನ್ನು ಅವಳ ಮುಂದೆ ಹಿಡಿದಳು. "ನೋಡಿ ಅಕ್ಕ, ಮಡಚ್ಕೊಳ್ತಿದೆ! ಬಂತು!"

ಕೊಕ್ಕೆಯಕ್ಕ ಕಣ್ಣು ತೆರೆದು, ಅಂಚಿನ ಸುತ್ತ ಹೆಬ್ಬೆರಳಿನ ಉಗುರನ್ನು ಒಂದೊಂದೇ ಕುಣಿಕೆಗೆ ಇಡುತ್ತ ಎಣಿಸಿದಳು. ಬಹಳ ಹೊತ್ತು ಎಣಿಸಿದಳು.

"ಎಪ್ಪತ್ತೊಂಬತ್ತು" ಎಂದಳು. "ಒಂದು ತಿಂದಿದೀಯ. ಬಿಚ್ಚು."

"ಒಂದೇ ತಾನೆ ಅಕ್ಕ? ಯಾರಿಗೆ ಗೊತ್ತಾಗುತ್ತೆ?"

ಕೊಕ್ಕೆಯಕ್ಕ ಕಡ್ಡಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ದಾರದ ತುದಿಯನ್ನು ಬೆರಳಿಗೆ ಸುತ್ತಿ, ತಾನೇ ಎಳೆಯತೊಡಗಿದಳು.